ಸಭಾಧ್ಯಕ್ಷರ ಮೂಲಕ ಒಂದು ಜಗಳ

ಲೋರ್ನಾ ಪೆಟೆಂಗಿಲ್‌ಗೆ ಅಭಿಪ್ರಾಯವಿಲ್ಲದ ವಿಷಯ ಈ ಭೂಮಿಯ ಮೇಲಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮ ಗುಡ್ಡದೂರು ಈಸ್ಟ್ ಹಾರ್ಲೋದಲ್ಲಿ ಅರ್ಧ ಆಯಸ್ಸು ಶಾಲಾ ಬಸ್ಸು ಓಡಿಸಿದವಳು ಅವಳು. ಆಗ ಬಸ್ಸಿನ ಮಕ್ಕಳಿಗೆ ಕೊರೆಯುತ್ತಿದ್ದದ್ದನ್ನು ನಿವೃತ್ತಳಾದ ಮೇಲೆ ವಾರಪತ್ರಿಕೆಯ ಅಂಕಣದಲ್ಲಿ ಇಡೀ ಜಿಲ್ಲೆಗೆ ಕೊರೆಯತೊಡಗಿದಳು. ಗರ್ಭಪಾತ, ತೆರಿಗೆ, ಗಡಿ, ಬಂದೂಕು, ಶಾಲೆಯಲ್ಲಿ ಪ್ರಾರ್ಥನೆ, ಊಹೂಂ, ಒಂದನ್ನೂ ಬಿಟ್ಟವಳಲ್ಲ. ಎಡದವರು ಇವಳನ್ನು ಬಲ ಅಂದರು, ಬಲದವರು ಎಡ ಅಂದರು. ಎರಡೂ ಕಡೆಯ ಬೈಗುಳದ ಕಾಗದ ಬಂದ ದಿನ ಅವಳ ಮುಖ ನೋಡಬೇಕಿತ್ತು, ಮಗುವಿಗೆ ಮಿಠಾಯಿ ಸಿಕ್ಕ ಹಾಗೆ!

ಈ ಅಭಿಪ್ರಾಯಗಳೆಲ್ಲ ಕುದ್ದು ಹದವಾಗುತ್ತಿದ್ದದ್ದು ಎದುರುಮನೆಯ ವಿನ್ನಿ ಕಾಬ್‌ಳ ಅಡುಗೆಮನೆಯಲ್ಲಿ. ಬೆಳಗಾದರೆ ಲೋರ್ನಾ ರಸ್ತೆ ದಾಟಿ ಅಲ್ಲಿಗೆ ಕಾಫಿಗೆ ಹೋಗಲೇಬೇಕು, ಇಬ್ಬರೂ ಗಂಟಲು ಹರಿಯುವ ಹಾಗೆ ಕಿತ್ತಾಡಲೇಬೇಕು. ಚುನಾವಣೆ ಬಂತೆಂದರೆ ಒಂದೇ ಕಾರಿನಲ್ಲಿ ಹೋಗಿ, ಒಬ್ಬಳ ಮತವನ್ನು ಇನ್ನೊಬ್ಬಳು ಹೊಡೆದುಹಾಕಿ, ಅದೇ ಕಾರಿನಲ್ಲಿ ನಗುತ್ತ ವಾಪಸಾಗುತ್ತಿದ್ದರು. ಇಂಥ ಸ್ನೇಹ ಊರಿಗೆಲ್ಲ ಒಂದೇ ಇತ್ತು. ಅದನ್ನು ಲೋರ್ನಾ ಅಕ್ಟೋಬರಿನಲ್ಲಿ ಕೈಯಾರೆ ಕೆಡಿಸಿಕೊಂಡಳು.

ಬಂದೂಕುಗಳನ್ನು ಬೀಗದಲ್ಲಿಡಬೇಕೆಂಬ ಕಾನೂನು ಬರಲಿ ಎಂದು ಆ ವಾರದ ಅಂಕಣ. ಲೋರ್ನಾ ಸ್ವತಃ ಜಿಂಕೆ ಬೇಟೆಯವಳು, ತನ್ನ ಬಂದೂಕನ್ನು ಕಪಾಟಿನಲ್ಲಿಟ್ಟು ಬೀಗ ಜಡಿಯುವವಳು. ಬರೆದಿದ್ದರೆ ಅಷ್ಟನ್ನೇ ಬರೆಯಬಹುದಿತ್ತು. ಇಲ್ಲ, ಉದಾಹರಣೆ ಬೇಕಲ್ಲ! "ನನಗೆ ಗೊತ್ತಿರುವ ಒಂದು ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬದ ಹಿಂದೆ ಗುಂಡು ತುಂಬಿದ ಬಂದೂಕು ನಿಂತಿರುತ್ತದೆ, ಅಲ್ಲೇ ಮೊಮ್ಮಕ್ಕಳು ಆಡುತ್ತವೆ" ಎಂದು ಬರೆದಳು. ಹೆಸರು ಹಾಕಲಿಲ್ಲ. ಹಾಕುವ ಅಗತ್ಯ ಏನಿತ್ತು? ಕೋಳಿಗೂಡಿಗೆ ನರಿ ಬಂದರೆ ಕೈಗೆ ಸಿಗಲಿ ಎಂದು ತೀರಿಹೋದ ಗಂಡನ ಬಂದೂಕನ್ನು ವಿನ್ನಿ ಎಲ್ಲಿಡುತ್ತಾಳೆಂಬುದು ಊರಿಗೇ ಗೊತ್ತು.

ಮಾರನೆಯ ದಿನ ಲೋರ್ನಾ ಕಾಫಿಗೆ ಹೋದರೆ ಬಾಗಿಲು ತೆರೆಯಲಿಲ್ಲ. ಸೇಬಿನ ಪೈ ಮಾಡಿ ಹೊಸ್ತಿಲಲ್ಲಿಟ್ಟು ಬಂದಳು. ಪೈ ಮುಟ್ಟದ ಹಾಗೇ ವಾಪಸು ಬಂತು. ಅಂಚೆ ಡಬ್ಬಿಯ ಹತ್ತಿರ ಎದುರಾದರೆ ವಿನ್ನಿ ಆಕಾಶ ನೋಡುತ್ತಿದ್ದಳು. "ಅಭಿಪ್ರಾಯ ಹೇಳಿದ್ದಕ್ಕೆ ಇಷ್ಟು ಸಿಟ್ಟಾ? ಹೇಳಿದ್ದನ್ನ ನಾನೇನು ನುಂಗಲ್ಲಪ್ಪ" ಎಂದು ಲೋರ್ನಾ ಮೊದಮೊದಲು ಬಿಗುಮಾನ ತೋರಿಸಿದಳು. ಹಿಮ ಬಿದ್ದು ಹಗಲು ಗಿಡ್ಡವಾದ ಹಾಗೆ ಬಿಗುಮಾನವೂ ಇಳಿಯಿತು. ಜಗಳಕ್ಕೆ ಜನವಿಲ್ಲದೆ ಅಂಕಣವೂ ಸಪ್ಪೆಯಾಯಿತು. ಒಂದು ವಾರವಂತೂ ಪಾಪ, ಟೊಮೇಟೊ ಸಸಿಯ ಬಗ್ಗೆ ಬರೆದಳು! ಅವಳಿಗೆ ವಿನ್ನಿ ಬೇಕಿತ್ತು, ಅಷ್ಟೇ. ಹೇಗೆ ಕೇಳಬೇಕೋ ತಿಳಿಯುತ್ತಿರಲಿಲ್ಲ.

ಮಾರ್ಚಿನ ಮೊದಲ ಮಂಗಳವಾರ ಊರ ಸಭೆ ಬಂತು. ಅವತ್ತು ನಾವೆಲ್ಲ ಶಾಲೆಯ ಆಟದ ಹಜಾರದಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತು ರಸ್ತೆಯ ಗುಂಡಿಯಿಂದ ಹಿಡಿದು ದೇಶದ ಹಣೆಬರಹದ ತನಕ ಕೈಯೆತ್ತಿ ತೀರ್ಮಾನ ಮಾಡುತ್ತೇವೆ. ನಿಯಮ ಒಂದೇ. ಯಾರೂ ಯಾರ ಜೊತೆಗೂ ನೇರವಾಗಿ ಮಾತಾಡುವ ಹಾಗಿಲ್ಲ, ಏನಿದ್ದರೂ ಸಭಾಧ್ಯಕ್ಷರಿಗೆ ಹೇಳಬೇಕು. ಹೊಡೆದಾಟ ಆಗದಿರಲಿ ಎಂದು ಹಿರಿಯರು ಮಾಡಿಟ್ಟದ್ದು. ಸಭಾಧ್ಯಕ್ಷ ಹಾಲಿಸ್ ಬ್ರೈನರ್ಡ್, ಕಬ್ಬಿಣದ ಸಾಮಾನಿನ ಅಂಗಡಿಯವನು, ಕೈಯಲ್ಲಿ ಮರದ ಸುತ್ತಿಗೆ ಹಿಡಿದು ಕೂತಿದ್ದ.

ಬಂದೂಕಿನ ಬೀಗಕ್ಕೆ ಕಾನೂನು ತರಬೇಕೆಂದು ಊರು ರಾಜ್ಯ ಸರ್ಕಾರವನ್ನು ಕೇಳಲಿ ಎಂಬ ನಿರ್ಣಯ ಲೋರ್ನಾಳದೇ. ಅವಳು ಮಾತಾಡಿ ಕೂತಳು. ವಿನ್ನಿ ಹೆಣಿಗೆಯನ್ನು ಮಡಿಲಿಂದ ತೆಗೆದಿಟ್ಟು ಎದ್ದಳು.

"ಸಭಾಧ್ಯಕ್ಷರೇ, ಶ್ರೀಮತಿ ಪೆಟೆಂಗಿಲ್ ಅವರಿಗೆ ಒಂದ್ಮಾತು ತಿಳಿಸಿ. ನನ್ನ ಬಂದೂಕಿಗೆ ಬೀಗ ಬಿದ್ದು ಎಷ್ಟೋ ದಿನ ಆಯ್ತು. ನಿಮ್ಮಂಗಡೀದೇ ಬೀಗ."

"ಹೌದೌದು, ಹಿತ್ತಾಳೇದು," ಅಂದ ಹಾಲಿಸ್.

ಲೋರ್ನಾ ಎದ್ದು ನಿಂತೇ ಬಿಟ್ಟಳು. "ಹಾಗಾದ್ರೆ ನಾನು ಹೇಳಿದ್ದನ್ನ ಒಪ್ಪಿಕೊಂಡ ಹಾಗಾಯ್ತಲ್ಲೇ ವಿನ್ನಿ!"

ಸುತ್ತಿಗೆ ಟಕ್ ಎಂದಿತು. "ನನ್ನ ಕಡೆ ನೋಡಿ ಮಾತಾಡು, ಲೋರ್ನಾ."

"ಸಭಾಧ್ಯಕ್ಷರೇ, ಅವಳು ಒಪ್ಪಿಕೊಂಡ ಹಾಗಾಯ್ತಲ್ವಾ, ಕೇಳಿ."

"ವಿನ್ನಿ, ಒಪ್ಪಿಕೊಂಡ ಹಾಗಾಯ್ತಾ?"

"ಇಲ್ಲ ಅಂತ ಹೇಳಿ. ಬೀಗ ಹಾಕಿದ್ದು ನಾನು, ಸರ್ಕಾರ ಅಲ್ಲ. ಸರ್ಕಾರ ಹಾಕು ಅಂದಿದ್ರೆ ಕಿತ್ತು ಹೊಳೆಗೆ ಎಸೀತಿದ್ದೆ!"

ಅರ್ಧ ಹಜಾರ ಚಪ್ಪಾಳೆ ತಟ್ಟಿತು, ಇನ್ನರ್ಧ ಮೂಗು ಮುರಿಯಿತು. ಲೋರ್ನಾ ಕೂರಲಿಲ್ಲ.

"ಮತ್ತೆ ಇಷ್ಟು ದಿನ ಮುಖ ತಿರುಗಿಸಿಕೊಂಡು ಓಡಾಡಿದ್ದು ಯಾಕೆ ಅಂತ ಕೇಳಿ."

"ಅದು ನಿರ್ಣಯಕ್ಕೆ ಸಂಬಂಧಪಟ್ಟಿದ್ದಾ?" ಹಾಲಿಸ್ ತಲೆ ಕೆರೆದುಕೊಂಡ.

"ಸಂಬಂಧಪಟ್ಟಿದ್ದೇ! ಕೇಳಪ್ಪ ನೀನು!" ಎಂದು ಹಿಂದಿನ ಸಾಲಿನಿಂದ ಕೂಗು ಬಂತು.

ವಿನ್ನಿಯ ದನಿ ತಗ್ಗಿತು. "ಬಂದೂಕಿನ ಬಗ್ಗೆ ಅವಳು ಏನು ಬೇಕಾದ್ರೂ ಬರ್ಕೊಳ್ಳಲಿ. ನಾನು ಯಾವತ್ತಾದ್ರೂ ಬೇಡ ಅಂದಿದೀನಾ? ಆದ್ರೆ ಆ ಬಂದೂಕು ಅವಳ ಕಣ್ಣಿಗೆ ಬಿದ್ದಿದ್ದು ನನ್ನ ಮೇಜಿನ ಹತ್ರ ಕೂತು ನನ್ನ ಕಾಫಿ ಕುಡೀತಿದ್ದಾಗ. ನನಗೊಂದು ಮಾತು ಹೇಳಿದ್ರೆ ಅವತ್ತೇ ಬೀಗ ಹಾಕ್ತಿದ್ದೆ. ನನಗೆ ಹೇಳಲಿಲ್ಲ, ಜಿಲ್ಲೆಗೆಲ್ಲ ಹೇಳಿದ್ಳು. ಸೊಸೆ ಓದಿದ್ಳು. ನವೆಂಬರಿನ ಟರ್ಕಿ ಕೋಳಿ ಊಟದ ಹಬ್ಬಕ್ಕೆ ಮಕ್ಕಳನ್ನ ಕಳಿಸಲೇ ಇಲ್ಲ. ತಿಳಿಸಿ ಅವಳಿಗೆ."

ಹಾಲಿಸ್ ತಿಳಿಸುವ ಬದಲು ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಲೋರ್ನಾ ನಿಂತಲ್ಲೇ ಕುಗ್ಗಿಹೋದಳು. ಅಭಿಪ್ರಾಯದ ಜಗಳ ಅಂದುಕೊಂಡು ಚಳಿಗಾಲ ಪೂರ್ತಿ ವಾದ ಹೊಸೆದಿದ್ದಳು. ಜಗಳ ಅದರದ್ದಾಗಿರಲೇ ಇಲ್ಲ.

"ಸಭಾಧ್ಯಕ್ಷರೇ," ಅಂದಳು. "ಕಾನೂನು ಬೇಕು ಅನ್ನೋದನ್ನ ನಾನು ಬಿಡಲ್ಲ ಅಂತ ಅವಳಿಗೆ ಹೇಳಿ. ಆದ್ರೆ ಅವಳ ಅಡುಗೆಮನೇನ ಪೇಪರಿಗೆ ಹಾಕಿದ್ದು ತಪ್ಪು. ದೊಡ್ಡ ತಪ್ಪು. ಎದುರಿಗೆ ಹೇಳೋಕೆ ಧೈರ್ಯ ಸಾಲಲಿಲ್ಲ ನನಗೆ. ಜಿಲ್ಲೆಗೆಲ್ಲ ಹೆದರಲ್ಲ ನಾನು, ಅವಳೊಬ್ಬಳಿಗೆ ಹೆದರ್ತೀನಿ ಅಂತ ಹೇಳಿ. ಅವಳಿಲ್ದೆ ನನಗೆ ಬೆಳಗೇ ಆಗ್ತಿಲ್ಲ ಅಂತಾನೂ ಹೇಳಿ."

ಹಾಲಿಸ್ ಮೂಗು ಒರೆಸಿಕೊಂಡು ತಿರುಗಿದ. "ವಿನ್ನಿ, ಲೋರ್ನಾ ಏನು ಹೇಳ್ತಿದಾಳೆ ಅಂದ್ರೆ..."

"ನಾನೇನು ಕಿವುಡೀನಾ? ಕೇಳಿಸ್ತು."

ಇಡೀ ಹಜಾರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸುತ್ತಿಗೆ ಎಷ್ಟು ಬಡಿದರೂ ನಗು ನಿಲ್ಲಲಿಲ್ಲ.

ಆಮೇಲೆ ಮತ ಹಾಕಿದೆವು. ನಿರ್ಣಯ ಬಿದ್ದುಹೋಯಿತು. ಬೇಡ ಅಂದವರಲ್ಲಿ ಎಲ್ಲರಿಗಿಂತ ನೆಟ್ಟಗೆ ಕೈಯೆತ್ತಿದವಳು ವಿನ್ನಿ. ಸೋತ ಲೋರ್ನಾ ಅವಳನ್ನೇ ನೋಡುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, ಕಿವಿಯ ತನಕ ನಗುತ್ತಿದ್ದಳು. ಗೆದ್ದವರ ಮುಖವೂ ಅಷ್ಟು ಅರಳಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಸಭೆಯ ನಿಯಮ ಇಲ್ಲ. ಲೋರ್ನಾ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಪಕ್ಕದಿಂದ ಒಂದು ಸೌಟು ಬಂದು ಬೇಯಿಸಿದ ಅವರೆಯಂಥ ಕಾಳನ್ನು ತುಂಬಿ ತುಳುಕುವಷ್ಟು ಸುರಿಯಿತು.

"ಸೋತ್ಯಲ್ಲೇ," ಅಂದಳು ವಿನ್ನಿ.

"ಸೋತೆ ಕಣೇ."

"ತಿನ್ನು. ಸೊರಗಿಹೋಗಿದೀಯ. ಆ ಟೊಮೇಟೊ ಅಂಕಣ ಓದಿದೆ, ಥೂ! ಹಾಗೆಲ್ಲ ಬರೆದ್ರೆ ಊರಿನ ಮರ್ಯಾದೆ ಏನಾಗ್ಬೇಕು? ನಾಳೆ ಬೆಳಿಗ್ಗೆ ಕಾಫಿಗೆ ಬಾ. ಈ ವಾರದ್ದು ಏನು ಬರ್ದಿದೀಯೋ ಅದನ್ನ ತಗೊಂಡು ಬಾ."

ಬೆಳಗಾಗುವುದನ್ನೇ ಕಾದಿದ್ದ ಲೋರ್ನಾ ಕೋಟನ್ನು ತಿರುವುಮುರುವಾಗಿ ತೊಟ್ಟುಕೊಂಡು ರಸ್ತೆ ದಾಟಿದಳು. ಶ್ರೀಮಂತರ ತೆರಿಗೆ ಏರಿಸಬೇಕೆಂದು ಬರೆದದ್ದನ್ನು ಮೇಜಿನ ಮುಂದೆ ಕೂತು ಪೂರ್ತಿ ಓದಿದಳು. ವಿನ್ನಿ ಸಾಲುಸಾಲಿಗೂ ಹಣೆ ಚಚ್ಚಿಕೊಂಡಳು, ಎರಡು ಸಲ ಎದ್ದು ಹೋಗಿ ಬಂದಳು, ಕೊನೆಗೆ ಕಾಗದವನ್ನು ಕಿತ್ತುಕೊಂಡು ತಾನೇ ಇನ್ನೊಮ್ಮೆ ಓದಿ ವಾಪಸು ಕೊಟ್ಟಳು.

"ಇದರಲ್ಲಿ ಒಂದು ಮಾತೂ ಸರಿಯಿಲ್ಲ," ಅಂದಳು. "ಕಳಿಸು."