ಯಾಕಂತ ಕೇಳದ ಡಾಕ್ಟರು

ಅಮೆರಿಕದ ವುಡ್‌ರಿಡ್ಜ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಧಾರವಾಡ ಕಡೆಯ ಡಾಕ್ಟರೊಬ್ಬರಿದ್ದರು. ಕಾಲೇಜಿಗೆ ಹೊರಟ ಪ್ರತಿ ಹುಡುಗನ ಫೋನ್ ಇಸಿದುಕೊಂಡು ತಮ್ಮ ನಂಬರ್ ಸೇರಿಸುತ್ತಿದ್ದರು. "ಅಲ್ಲಿರೂದು ಬ್ಯಾಡ ಅನಿಸಿದ್ರ ಫೋನ್ ಮಾಡು. ಯಾಕಂತ ಕೇಳಂಗಿಲ್ಲ, ಬರ್ತೀನಿ."

ಹಿಂದೆ ಅವರ ಮಗ ಕಾಲೇಜಿನ ಫ್ರಟರ್ನಿಟಿ ಎಂಬ ಹುಡುಗರ ಕೂಟ ಸೇರಿ, ಸೀನಿಯರ್‌ಗಳ ಕಾಟ ತಾಳದೆ ಫೋನ್ ಮಾಡಿದ್ದ. ತಮ್ಮ ಕಾಲದ ರ‍್ಯಾಗಿಂಗ್ ನೆನೆದು ಇವರು ನಕ್ಕಿದ್ದರು: "ಒಂದ್ ವಾರ ತಡಕೋ. ಆಮ್ಯಾಲೆ ಅವ್ರೇ ದೋಸ್ತರಾಗ್ತಾರ." ವಾರ ತುಂಬುವ ಮೊದಲೇ, ಆ ಸೀನಿಯರ್‌ಗಳು ಬಲವಂತವಾಗಿ ಹೆಂಡ ಕುಡಿಸಿದ್ದಕ್ಕೆ ಹುಡುಗ ಸತ್ತ.

ಇದೆಲ್ಲ ಗೊತ್ತಿದ್ದೂ, ಫ್ರಟರ್ನಿಟಿ ಬೇಡವೆಂದು ನನ್ನ ಮಗ ಮಿಶಿಗನ್‌ನ ಕಾಲೇಜಿನಿಂದ ಫೋನಿನಲ್ಲಿ ಗೋಳಾಡಿದಾಗ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳೋ" ಅಂದೆ. ಅವನು ಡಾಕ್ಟರಿಗೆ ಫೋನ್ ಮಾಡಿದ.

ಮರುದಿನ ಮಧ್ಯಾಹ್ನ ಅವರ ಕಾರಿನಿಂದ ಮಗ ಇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಕೈಯೆತ್ತಿ ತಡೆದರು.

"ಏನೂ ಕೇಳಬ್ಯಾಡ್ರಿ. ಮನಿಗೆ ಬಂದಾನಲ್ಲ."