ಅಂಬ್ಲಿಗೊಳದ ಹೋಲಿಕೆ, ಸುಟ್ಟುಹೋದ ಮೋಟಾರು

2019ರ ಬೇಸಿಗೆಯಲ್ಲಿ ನಾನು ಶಿಕಾರಿಪುರ ತಾಲ್ಲೂಕಿನ ಒಂದು ವಿದ್ಯುತ್ ಶಾಖೆಯಲ್ಲಿ ಶಾಖಾಧಿಕಾರಿಯಾಗಿದ್ದೆ. ಹುಟ್ಟೂರು ಪಕ್ಕದ ಸೊರಬ. ನಿವೃತ್ತಿಗೆ ಮೂರು ವರ್ಷ ಬಾಕಿಯಿತ್ತು. ಕಂಬ, ತಂತಿ, ಟ್ರಾನ್ಸ್‌ಫಾರ್ಮರುಗಳ ಜೊತೆ ಅಷ್ಟು ವರ್ಷ ಕಳೆದವರಿಗೆ ಅಂಟಿಕೊಳ್ಳುವ ಒಂದು ಚಟ ನನಗೂ ಅಂಟಿತ್ತು: ಯಾರು ಸಿಕ್ಕಿದರೂ ವಿದ್ಯುತ್ತಿನ ಪಾಠ ಹೇಳುವುದು. "ಮಿಕ್ಸಿ ಯಾಕೆ ತಿರುಗ್ತಿಲ್ಲ ನೋಡಿ ಅಂದ್ರೆ ಓಮನ ನಿಯಮ ಹೇಳ್ತಾ ಕೂರ್ತೀರಲ್ಲ" ಎಂದು ನನ್ನ ಹೆಂಡತಿ ರೇಗುತ್ತಿದ್ದಳು.

ಆದ್ದರಿಂದ, ಸುತ್ತಲಿನ ಪಂಚಾಯ್ತಿಗಳ ನೀರುಗಂಟಿಗಳಿಗೆ ಒಂದು ದಿನದ ತರಬೇತಿ ಕೊಡಿ ಎಂದು ತಾಲ್ಲೂಕು ಪಂಚಾಯ್ತಿಯವರು ಕೇಳಿದಾಗ ನಾನು ಎರಡು ಮಾತಾಡದೆ ಒಪ್ಪಿಕೊಂಡೆ. ನೀರುಗಂಟಿ ಎಂದರೆ ಊರಿನ ಕೊಳವೆಬಾವಿಯ ಮೋಟಾರು ಓಡಿಸಿ, ಟ್ಯಾಂಕು ತುಂಬಿಸಿ, ಓಣಿ ಓಣಿಗೆ ನೀರು ಬಿಡುವವರು. ಅವತ್ತು ಬಂದವರಲ್ಲಿ ಒಬ್ಬರೇ ಹೆಂಗಸು, ತಾಳಗುಂದದ ಆಚೆಯ ಒಂದು ಊರಿನ ಹಾಲಮ್ಮ. ವಯಸ್ಸು ನಲವತ್ತೈದರ ಆಸುಪಾಸು. ನೀರುಗಂಟಿಯಾಗಿದ್ದ ಗಂಡ ತೀರಿಕೊಂಡ ಮೇಲೆ ಆ ಕೆಲಸ ಅವರಿಗೆ ಬಂದು ಆರು ತಿಂಗಳಾಗಿತ್ತು. ಕರೆಂಟಿನ ಕೆಲಸ ಹೆಂಗಸಿಗೆ ಯಾಕೆ ಎಂದು ಊರಲ್ಲಿ ಕೆಲವರು ಗೊಣಗುತ್ತಿದ್ದರಂತೆ. ಮನೆಯ ಒಲೆ ಉರಿಯುತ್ತಿದ್ದದ್ದು ಮಾತ್ರ ಆ ಒಂದು ಕೆಲಸದಿಂದಲೇ.

ನೀರಿನವರಿಗೆ ನೀರಿನ ಭಾಷೆಯಲ್ಲೇ ಹೇಳೋಣ ಎಂದು ನಾನು ಶುರುಮಾಡಿದೆ. "ಅಂಬ್ಲಿಗೊಳ ಡ್ಯಾಮಿನಲ್ಲಿ ನೀರು ಎಷ್ಟು ಎತ್ತರ ನಿಂತಿದೆಯೋ ಅದು ವೋಲ್ಟೇಜ್, ಅಂದರೆ ಒತ್ತಡ. ಕಾಲುವೆಯಲ್ಲಿ ಎಷ್ಟು ನೀರು ಹರಿಯುತ್ತದೋ ಅದು ಕರೆಂಟ್. ಅದನ್ನು ಆಂಪಿಯರಿನಲ್ಲಿ ಅಳೆಯುತ್ತೇವೆ. ತೂಬು ಕಿರಿದಾದಷ್ಟೂ ಹರಿವಿಗೆ ಅಡ್ಡಿ, ಅದು ರೆಸಿಸ್ಟೆನ್ಸ್." ಎಲ್ಲರೂ ತಲೆದೂಗಿದರು. ಹಾಲಮ್ಮ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದವರು ಕೈಯೆತ್ತಿ ಕೇಳಿದರು: "ಹಂಗಾದ್ರೆ ವೋಲ್ಟೇಜ್ ಇಳಿದ್ರೆ ಕರೆಂಟೂ ಇಳೀತೈತೇನ್ರೀ ಸಾರ್?"

"ಸರಿಯಾಗಿ ಹಿಡಿದಿರಿ ಅಮ್ಮ" ಎಂದು ಅವರಿಗೆ ಚಪ್ಪಾಳೆ ಹೊಡೆಸಿದೆ. ಬಲ್ಬಿಗೆ, ಇಸ್ತ್ರಿ ಪೆಟ್ಟಿಗೆಗೆ ಆ ಮಾತು ಸರಿ. ಓಡುವ ಮೋಟಾರಿನ ವಿಷಯ ಬೇರೆಯೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಊಟದ ಹೊತ್ತಾಗಿತ್ತು, ಹೊರಗೆ ಸಾರಿನ ವಾಸನೆ ಬರುತ್ತಿತ್ತು. ಪಾಠ ಅಲ್ಲಿಗೇ ಮುಗಿಸಿದೆ.

ಏಳೆಂಟು ವಾರ ಕಳೆದಿರಬೇಕು, ಹಾಲಮ್ಮನ ಪಂಚಾಯ್ತಿಯಿಂದ ಒಂದು ಪತ್ರ ಬಂತು. ಕೊಳವೆಬಾವಿಯ ಏಳೂವರೆ ಎಚ್.ಪಿ. ಮೋಟಾರು ಸುಟ್ಟುಹೋಗಿದೆ, ರಿವೈಂಡಿಂಗ್ ಮಾಡಿಸಿ ಇಳಿಸಿದ ಮೇಲೆ ಮತ್ತೆ ಸುಟ್ಟಿದೆ. ವಿದ್ಯುತ್ ಪೂರೈಕೆಯಲ್ಲಿ ದೋಷವಿದೆಯೇ ಎಂದು ಪರಿಶೀಲಿಸಿ ವರದಿ ಕೊಡಬೇಕು. ದೋಷವಿಲ್ಲದಿದ್ದರೆ ನೀರುಗಂಟಿಯನ್ನು ಕೆಲಸದಿಂದ ಬಿಡಿಸಲಾಗುವುದು. ಮರುದಿನ ಬೆಳಿಗ್ಗೆಯೇ ಹೊರಟೆ.

ಪಂಪ್‌ಹೌಸಿನಲ್ಲಿ ಸ್ಟಾರ್ಟರ್ ಪೆಟ್ಟಿಗೆ ತೆಗೆದ ಕೂಡಲೇ ಕಾರಣ ಕಣ್ಣಿಗೆ ಬಿತ್ತು. ಒಳಗೆ ಒಂದು ಬಿದಿರು ಚಕ್ಕೆ ಸಿಕ್ಕಿಸಿದ್ದರು. ನಮ್ಮ ಕಡೆ ಇದು ಮನೆಮದ್ದು. ವೋಲ್ಟೇಜ್ ತೀರಾ ಇಳಿದರೆ ಸ್ಟಾರ್ಟರ್ ತಾನಾಗಿ ಬಿಟ್ಟುಕೊಂಡು ಮೋಟಾರು ನಿಲ್ಲಿಸುತ್ತದೆ. ಮೋಟಾರು ಮಿತಿಮೀರಿ ಆಂಪಿಯರ್ ಎಳೆದರೂ ಅದರೊಳಗಿನ ರಿಲೇ ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ತ್ರೀ ಫೇಸ್ ಕೊಟ್ಟ ಕೂಡಲೇ ಹೊಲದ ಪಂಪುಗಳೆಲ್ಲ ಒಟ್ಟಿಗೆ ಎದ್ದು ವೋಲ್ಟೇಜ್ ಕುಸಿಯುತ್ತದೆ. ಆಗ ಸ್ಟಾರ್ಟರ್ ಪದೇಪದೇ ಬಿಡುತ್ತದೆ, ಜನ ಬೇಸತ್ತು ಅದು ಬಿಡದ ಹಾಗೆ ಚಕ್ಕೆ ಕೊಡುತ್ತಾರೆ. ಚಕ್ಕೆ ಕೊಟ್ಟರೆ ಎರಡು ಕಾವಲೂ ಸತ್ತಂತೆ.

ನನಗೆ ಒಳಗೊಳಗೇ ಸಮಾಧಾನವಾಯಿತು. ಚಕ್ಕೆ ಸಿಕ್ಕ ಮೇಲೆ ಪೂರೈಕೆಯ ತಪ್ಪೆಂದು ಯಾರೂ ಹೇಳುವಂತಿಲ್ಲ, ನಮ್ಮ ತಲೆಗೆ ಬರುವುದಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು "ನೀರುಗಂಟಿಯ ಅಜಾಗರೂಕತೆಯಿಂದ" ಎಂದು ವರದಿ ಬರೆಯತೊಡಗಿದೆ. ಹಾಲಮ್ಮ ಬಾಗಿಲಲ್ಲಿ ನಿಂತಿದ್ದರು.

"ಚಕ್ಕಿ ನಮ್ಮನೆಯವರ ಕಾಲದಾಗಿಂದ್ಲೂ ಕೊಡ್ತಿದ್ರು ಸಾರ್. ನನಗೆ ಅಂಜಿಕಿ ಇತ್ತು, ಆರು ತಿಂಗಳು ಮುಟ್ಟಿರಲಿಲ್ಲ. ನಿಮ್ಮ ಪಾಠ ಕೇಳಿದ ಮ್ಯಾಲೆ ಧೈರ್ಯ ಬಂತು."

"ನನ್ನ ಪಾಠವೇ?"

ಅವರು ನೋಟ್‌ಬುಕ್ ಕೈಗಿಟ್ಟರು. ಮೊದಲ ಪುಟದಲ್ಲಿ ಅಂಬ್ಲಿಗೊಳ, ತೂಬು, ಕಾಲುವೆ, ನಾನು ಹೇಳಿದ್ದೆಲ್ಲ ಅಕ್ಷರಶಃ ಇತ್ತು. ಕೆಳಗೆ ಎರಡು ಗೆರೆ ಎಳೆದು, "ಒತ್ತಡ ಕಡಿಮೆಯಾದರೆ ಹರಿವೂ ಕಡಿಮೆ. ಸಾರ್ ಹೌದು ಅಂದರು" ಎಂದು ಬರೆದಿದ್ದರು. ಮುಂದಿನ ಪುಟಗಳಲ್ಲಿ ದಿನಚರಿ. "ಬೆಳಿಗ್ಗೆ ಏಳು. ವೋಲ್ಟ್ 310. ಒತ್ತಡ ಕಡಿಮೆ ಇದೆ, ಮೋಟಾರಿಗೆ ಹಗುರ. ಓಡಿಸಿದೆ." ತ್ರೀ ಫೇಸ್ ಮೋಟಾರಿಗೆ ಬೇಕಾದದ್ದು 415 ವೋಲ್ಟಿನ ಆಸುಪಾಸು. ಹದಿನಾಲ್ಕು ಆಂಪಿಯರ್ ತೋರಿಸಬೇಕಾದ ಮೀಟರು ಹತ್ತೊಂಬತ್ತು, ಇಪ್ಪತ್ತು ತೋರಿಸಿದ್ದನ್ನೂ ಬಿಡದೆ ಬರೆದಿದ್ದರು. ಪ್ರತಿ ಸಲವೂ ಪಕ್ಕದಲ್ಲಿ ಒಂದೇ ಮಾತು: "ಆಂಪ್ಸ್ ಮೀಟರ್ ಕೆಟ್ಟಿದೆ. ಪಂಚಾಯ್ತಿಗೆ ಹೇಳಬೇಕು."

ಮೀಟರು ಕೆಟ್ಟಿರಲಿಲ್ಲ. ಅದರ ಮುಳ್ಳು ದಿನಾ ಸತ್ಯವನ್ನೇ ಹೇಳುತ್ತಿತ್ತು. ಈ ಹೆಂಗಸು ನನ್ನ ಮಾತನ್ನು ನಂಬಿ ಮುಳ್ಳನ್ನು ಅನುಮಾನಿಸಿದ್ದರು. ನನಗೆ ಬಹಳ ನಾಚಿಕೆಯಾಯಿತು. ಬರೆದಿದ್ದ ವರದಿಯನ್ನು ಹರಿದು ಜೇಬಿಗೆ ಹಾಕಿಕೊಂಡೆ.

ಅಂದೇ ಮಧ್ಯಾಹ್ನ ಪಂಚಾಯ್ತಿ ಸಭೆ. ಚಕ್ಕೆ ಕೊಟ್ಟಿದ್ದು ತಪ್ಪು, ಆದರೆ ಕೊಡುವ ಧೈರ್ಯ ಬಂದಿದ್ದು ನಾನು ಅರ್ಧಕ್ಕೆ ನಿಲ್ಲಿಸಿದ ಪಾಠದಿಂದ ಎಂದು ಎದ್ದು ನಿಂತು ಹೇಳಿದೆ, ನೋಟ್‌ಬುಕ್ ಓದಿ ತೋರಿಸಿದೆ. ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಹಂಗಾದ್ರೆ ನಾವು ಯಾರನ್ನ ತೆಗೀಬೇಕ್ರೀ ಸಾಹೇಬ್ರೇ? ಆಕೀನೋ, ನಿಮ್ಮನ್ನೋ?"

"ಇಬ್ಬರನ್ನೂ ಇನ್ನೊಂದು ಸಲ ಕ್ಲಾಸಿಗೆ ಕೂರಿಸಿ" ಎಂದೆ. ಸಭೆ ನಕ್ಕಿತು. ತೀರ್ಮಾನ ಮಾತ್ರ ಆಗಲಿಲ್ಲ. ಮೋಟಾರು ಮತ್ತೆ ಇಳಿಸಿದ ಮೇಲೆ ನೋಡೋಣ ಎಂದರು.

ಮುಂದಿನ ವಾರ ಮೋಟಾರು ಇಳಿಸಿದ ಮೇಲೆ ಕ್ಲಾಸು ಪಂಪ್‌ಹೌಸಿನಲ್ಲೇ ನಡೆಯಿತು. ಅಧ್ಯಕ್ಷರೂ ಬಂದಿದ್ದರು. ಮಧ್ಯಾಹ್ನ ವೋಲ್ಟೇಜ್ 405 ಇದ್ದಾಗ ಓಡಿಸಿದೆವು, ಮುಳ್ಳು ಹದಿನಾಲ್ಕಕ್ಕೆ ನಿಂತಿತು. ಮರುದಿನ ಬೆಳಿಗ್ಗೆ 325 ಇತ್ತು. ಚಕ್ಕೆಯಿಲ್ಲದೆ, ಒಂದೇ ನಿಮಿಷ ಓಡಿಸಿದೆವು. ಮುಳ್ಳು ಹದಿನೆಂಟು ದಾಟಿತು. ವೋಲ್ಟೇಜ್ ಇಳಿದಿದೆ, ಕರೆಂಟು ಏರಿದೆ. ಆಫ್ ಮಾಡಿ ನಾನು ಹೇಳಿದೆ: "ಬಲ್ಬು ಸಿಕ್ಕಷ್ಟರಲ್ಲೇ ಮಂಕಾಗಿ ಉರಿಯುತ್ತದೆ. ಮೋಟಾರು ಹಾಗಲ್ಲ. ಎತ್ತಬೇಕಾದ ನೀರಿನ ಭಾರ ಅಷ್ಟೇ ಇರುತ್ತದೆ. ಒತ್ತಡ ಕಡಿಮೆಯಾದರೆ, ಆ ಕೆಲಸ ಪೂರೈಸಲು ಅದು ಹೆಚ್ಚು ಕರೆಂಟು ಎಳೆದುಕೊಳ್ಳುತ್ತದೆ. ಅದರಿಂದ ವೈಂಡಿಂಗ್, ಅಂದರೆ ಒಳಗಿನ ತಂತಿಯ ಸುತ್ತು, ಕಾಯುತ್ತದೆ, ಕಾದು ಕಾದು ಸುಡುತ್ತದೆ."

ಅಧ್ಯಕ್ಷರ ಮುಖ ನೋಡಿದರೆ ಅರ್ಥವಾದಂತೆ ಕಾಣಲಿಲ್ಲ. ಹಾಲಮ್ಮ ಮುಳ್ಳನ್ನೇ ನೋಡುತ್ತಿದ್ದರು.

"ಅಂದ್ರೆ ದನ ನೀರು ಕುಡಿಯೋ ಬಾನಿ ತುಂಬಿಸಿದಂಗೆ ಐತಿ ಬಿಡ್ರೀ" ಎಂದರು. "ಕೊಡ ಸಣ್ಣದಾತು ಅಂತ ಬಾನಿ ಸಣ್ಣದಾಗ್ತೈತೇನು? ಹೊರೋಳಿಗೆ ಓಡಾಟ ಜಾಸ್ತಿ. ಕಾಲು ಸೋಲ್ತಾವು."

ಕೊಡ ವೋಲ್ಟೇಜು, ಓಡಾಟ ಕರೆಂಟು, ಬಾನಿ ಮಾಡಬೇಕಾದ ಕೆಲಸ. ಇಂಜಿನಿಯರಿಂಗ್ ಓದಿದ ನನಗೆ ಅದು ಹೊಳೆದಿರಲಿಲ್ಲ. ಅಧ್ಯಕ್ಷರು "ಈಗ ತಿಳೀತು ನೋಡ್ರಿ" ಎಂದು ಗಟ್ಟಿಯಾಗಿ ನಕ್ಕರು. ಹಾಲಮ್ಮನ ಕೆಲಸ ಉಳಿದಿದ್ದು ಆ ನಗುವಿನಲ್ಲೇ.

ಆಮೇಲೆ ಅವರು ತಾವೇ ಒಂದು ಕಟ್ಟುಪಾಡು ಹಾಕಿಕೊಂಡರು. ವೋಲ್ಟೇಜ್ 370 ಮುಟ್ಟದೆ ಮೋಟಾರು ಹಾಕುವುದಿಲ್ಲ, ಚಕ್ಕೆಯನ್ನಂತೂ ಮುಟ್ಟುವುದೇ ಇಲ್ಲ. ಬೆಳಿಗ್ಗೆ ಏಳಕ್ಕೆ ಬರುತ್ತಿದ್ದ ನೀರು ಹನ್ನೊಂದಕ್ಕೆ ಬರತೊಡಗಿತು. ನಲ್ಲಿ ಹತ್ತಿರ ಬೈಗುಳ ಕೇಳಿದರೂ ಅವರು ಜಗ್ಗಲಿಲ್ಲ. ನಾನು ನಿವೃತ್ತನಾಗುವವರೆಗೆ ಆ ಮೋಟಾರು ರಿಪೇರಿಗೆಂದು ಇನ್ನೊಮ್ಮೆ ಮೇಲೆ ಬರಲಿಲ್ಲ.

ಹೋದ ವರ್ಷ ಶಿಕಾರಿಪುರಕ್ಕೆ ಹೋಗಿದ್ದಾಗ, ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹೊಸ ನೀರುಗಂಟಿಗಳಿಗೆ ತರಬೇತಿ ನಡೆಯುತ್ತಿದೆ ಎಂದು ಕೇಳಿ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಪಾಠ ಹೇಳುತ್ತಿದ್ದವರು ಹಾಲಮ್ಮ. ಅಂಬ್ಲಿಗೊಳದಿಂದಲೇ ಶುರುಮಾಡಿದ್ದರು. ಬಲ್ಬಿನವರೆಗೆ ಬಂದು ನಿಲ್ಲಿಸಿ, "ಡ್ಯಾಮಿನ ಮಾತು ಇಲ್ಲೀತನಕ ನಡೀತೈತಿ, ಮೋಟಾರಿಗೆ ನಡಿಯಂಗಿಲ್ಲ" ಎಂದು ಬಾನಿಯ ಲೆಕ್ಕ ಹೇಳಿದರು. ಮುವ್ವತ್ತು ವರ್ಷದ ನೌಕರಿಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ನಾನು ಕಲಿತಿರಲಿಲ್ಲ. ಅದನ್ನು ಕಲಿಯಲು ನನಗೆ ಒಂದು ಸುಟ್ಟ ಮೋಟಾರು ಬೇಕಾಯಿತು.

ಕೊನೆಯಲ್ಲಿ ಅವರು ನನ್ನನ್ನು ನೋಡಿದರು. ಗುರುತು ಹಿಡಿದು ನಕ್ಕರು. ಆಮೇಲೆ ಮುಂದೆ ಕೂತವರ ಕಡೆ ತಿರುಗಿದರು.

"ಒಂದು ಮಾತು ಬರ್ಕೊಳ್ರಿ. ಮೇಷ್ಟ್ರು ಒಂದು ಹೇಳಿ, ಮುಳ್ಳು ಇನ್ನೊಂದು ಹೇಳಿದ್ರೆ, ಮೊದ್ಲು ಮೋಟಾರ್ ಆಫ್ ಮಾಡ್ರಿ. ಆಮೇಲೆ ಮೇಷ್ಟ್ರನ್ನ ಕೇಳ್ರಿ. ಒಳ್ಳೆ ಮೇಷ್ಟ್ರಾದ್ರೆ ಸಿಟ್ಟಾಗಂಗಿಲ್ಲ."

ನಾನೂ ಬರೆದುಕೊಂಡೆ.