ಠ ಮನೆ

ಸಗಣಿ ಸಾರಿಸಿದ ಅಂಗಳ ಆರುತ್ತಾ ಬರುವಾಗ ಒಂದು ವಾಸನೆ ಏಳುತ್ತದೆ. ರಂಗೋಲಿ ಎಳೆಯುವುದಕ್ಕೆ ಅದೇ ಹದ. ನೀವೂ ಆ ವಾಸನೆಯಲ್ಲಿ ಬೆಳೆದವರಾದರೆ ನಾನು ಹೇಳುವುದು ಬೇಗ ತಿಳಿಯುತ್ತದೆ. ಈಗ ಎಲ್ಲರ ಬಾಗಿಲಿಗೂ ಸಿಮೆಂಟು. ಮೊನ್ನೆ ಯಾರದೋ ಕೊಟ್ಟಿಗೆಯ ಮುಂದೆ ಹಾದುಹೋಗುವಾಗ ಅದು ಮೂಗಿಗೆ ಬಡಿಯಿತು. ಅಜ್ಜಿಯ ಅಂಗಳ ಕಂಡಿತು, ಅದರ ನಡುವೆ ಠ ಕಂಡಿತು.

ಶಿರಾಳಕೊಪ್ಪದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಒಂದೇ ಕೇರಿ. ನಮ್ಮ ಮನೆಯಲ್ಲಿ ಅಜ್ಜಿಯದೇ ದರಬಾರು, ಅಪ್ಪ ಕೂಡ ಅವಳ ಮುಂದೆ ನಿಂತೇ ಮಾತಾಡುತ್ತಿದ್ದ. ಅಣ್ಣ ಶಾಲೆಗೆ ಹೋಗುತ್ತಿದ್ದ, ನಾನು ಎಮ್ಮೆಗಳ ಹಿಂದೆ ಹೋಗುತ್ತಿದ್ದೆ. ಅವನ ಪುಸ್ತಕ ಕದ್ದು ತೆರೆದರೆ ಇರುವೆ ಹರಿದ ಹಾಗೆ ಕಾಣುತ್ತಿತ್ತು. ಅದು ಏನು ಹೇಳುತ್ತದೆ ಎಂದು ನನಗೆ ತಿಳಿಯಲೇಬೇಕಿತ್ತು. ಆಗ ಹೊಸದಾಗಿ ಬಂದ ಮಾಸ್ತರು, ಸಣಕಲು ಮನುಷ್ಯ, ಹೆಣ್ಣುಮಕ್ಕಳನ್ನೂ ಕಳಿಸಿ ಎಂದು ಮನೆಮನೆ ತಿರುಗಿದರು. ಅಜ್ಜಿ ಜಗಲಿಯಿಂದಲೇ ಕೇಳಿದಳು, "ಇವ್ಳು ಸಾಲಿಗೆ ಬಂದ್ರೆ ಎಮ್ಮಿ ನೀವು ಕಾಯ್ತೀರೇನ್ರೀ?" ಮಾಸ್ತರು ಅಂಗಳ ನೋಡಿದರು. "ಈ ರಂಗೋಲಿ ಯಾರು ಹಾಕಿದ್ದು?" "ಇವ್ಳೇ." "ಇಷ್ಟು ದುಂಡಗೆ ಕೈ ತಿರುಗೋಳಿಗೆ ಕನ್ನಡ ಯಾವ ಲೆಕ್ಕ! ಸಾಲಿಗೆ ಕಳಿಸಬ್ಯಾಡ್ರಿ ಅಜ್ಜಿ. ಹೂವಿನ ಬದ್ಲು ಒಂದು ಅಕ್ಷರ ಹಾಕ್ಲಿ, ಸಾಕು."

ಹಾಗೆ ಮನೆಗೊಂದು ಅಕ್ಷರ ಹಂಚಿದರು, ದೊಡ್ಡ ಅಂಗಳದವರಿಗೆ ಎರಡು. ಎದುರು ಮನೆಗೆ ಅ ಹೋಯಿತು. ನಮಗೆ ಬಂದದ್ದು ಠ, ಒಂದು ದುಂಡು, ಒಳಗೊಂದು ಚುಕ್ಕೆ. "ಅವ್ರಿಗೆ ಅಕ್ಕಿ, ಅವ್ವ, ಅಪ್ಪ ಎಲ್ಲಾ ಕೊಟ್ರಿ. ನಮ್ದರಾಗೆ ಏನೈತ್ರೀ?" ಎಂದಳು ಅಜ್ಜಿ. ಮಾಸ್ತರು ತಲೆ ಕೆರೆದುಕೊಂಡು, "ಠಕ್ಕ" ಎಂದರು. ಅಜ್ಜಿ ಅವರಿಗೆ ಬೆನ್ನು ಹಾಕಿ ಕೂತಳು. ನಾವು ಹುಡುಗಿಯರು ನೀರಿಗೆ ಹೋಗುವಾಗ ಬಾವಿಯ ತನಕ ಓದಿಕೊಂಡು ಹೋಗಿ, ಕೊಡ ತುಂಬಿಸಿ, ತಿರುಗಿ ಓದಿಕೊಂಡು ಬರುತ್ತಿದ್ದೆವು. ಅಕ್ಷರ ಮುಗಿದ ಮೇಲೆ ಕಾಗುಣಿತ. ಆದರೆ ಅಕ್ಷರವನ್ನು ಕಾಲಲ್ಲಿ ತುಳಿಯುವ ಹಾಗಿಲ್ಲವಲ್ಲ! ಅಜ್ಜಿ ಕೊಟ್ಟಿಗೆಯ ಬಾಗಿಲಿಂದ ಓಡಾಡತೊಡಗಿದಳು. ನೇಗಿಲು ಹೊತ್ತ ಗಂಡಸರು ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಯಾವ್ದು ತುಳಿದ್ನವ್ವ ನಾನು?" ಎಂದು ನಮ್ಮನ್ನೇ ಕೇಳುತ್ತಿದ್ದರು. ತುಳಿಯುತ್ತಾ ತುಳಿಯುತ್ತಾ ಅವರಿಗೂ ಓದು ಬಂತು. ಮನೆಗಳಿಗೆ ಗ ಮನೆ, ಮ ಮನೆ ಎಂದೇ ಹೆಸರಾಯಿತು. ಒಂದು ಸಂತೆಯ ದಿನ ಅಪ್ಪ ಬಸ್ಸಿನ ಮೇಲೆ ಸೊರಬ ಎಂದು ತಾನೇ ಓದಿ ಹತ್ತಿ ಬಂದ. ಶಿರಾಳಕೊಪ್ಪ ಮಾತ್ರ ಬಗೆಹರಿಯಲಿಲ್ಲವಂತೆ. "ಕೊನಿಗೆ ಕೆಳಗೆ ಏನೋ ಜೋತು ಬಿದ್ದೈತ್ರಿ" ಎಂದು ಮಾಸ್ತರಿಗೆ ಹೇಳಿದ. "ಅದು ಒತ್ತು. ಸುಗ್ಗಿ ಮುಗೀಲಿ, ಅಂಗಳದಾಗೆ ಅಕ್ಷರ, ಅದರ ಕೆಳಗೆ ಬೀದಿ ಕಡೆ ಒತ್ತು ಹಾಕ್ಸೋಣ" ಎಂದರು. ನಾನು ಸುಗ್ಗಿಗೆ ಕಾಯುತ್ತಾ ಕೂತೆ.

ಅಷ್ಟರಲ್ಲಿ ಜೀಪಿನಲ್ಲಿ ಒಬ್ಬ ಸಾಹೇಬರು ಬಂದರು. ಶಾಲೆ ನೋಡಿಕೊಂಡು ಕೇರಿಗೆ ಇಳಿದವರು ಬೂಟುಗಾಲಲ್ಲಿ ನೇರ ನಮ್ಮ ಅಂಗಳಕ್ಕೇ ನುಗ್ಗಿದರು. "ಏಯ್, ಕಣ್ಣು ಕಾಣಂಗಿಲ್ಲೇನು? ಸರಸ್ವತಿ ಮೇಲೆ ನಿಂತೀಯಲ್ಲೋ!" ಎಂದು ಅಜ್ಜಿ ಕೂಗಿದಳು. ಸಾಹೇಬರು ಹಿಂದೆ ಸರಿದು, "ಯಾವ ಅಕ್ಷರ ಅಜ್ಜಿ ಇದು?" ಎಂದರು. "ಠ. ನೀ ತುಳಿದದ್ದು ಅದರ ಚುಕ್ಕಿ." ಸಾಹೇಬರು ಬೂಟು ಬಿಚ್ಚಿಟ್ಟು ಕೇರಿಯ ತುದಿಯ ತನಕ ನಡೆದರು.

ಅದಾಗಿ ಸ್ವಲ್ಪ ದಿನಕ್ಕೆ ಶಿಕಾರಿಪುರದಲ್ಲಿ ಸಭೆ ಸೇರಿಸಿ, ಹೊಸ ಬಗೆಯಲ್ಲಿ ಪಾಠ ಹೇಳಿ ಮಕ್ಕಳಿಗೂ ಊರಿಗೂ ಉಪಕಾರ ಮಾಡಿದವರು ಎಂದು ಮಾಸ್ತರಿಗೆ ಶಾಲು ಹೊದಿಸಿದರು. ಅಪ್ಪ ಹೋಗಿ ನೋಡಿ ಬಂದು, "ಮಾಸ್ತರಿಗೆ ಇನಾಮು ಕೊಟ್ರು" ಎಂದ. ಅಜ್ಜಿಗೆ ಇನಾಮೆಂದರೆ ಭೂಮಿ. "ಎಲ್ಲಿ? ಗದ್ದಿನೋ, ಖುಷ್ಕಿನೋ?" "ಶಾಲು ಕಣವ್ವ." "ಶಾಲು ಉತ್ತು ಏನು ಬೆಳೀತಾನೆ ಅವ್ನು!"

ಶಾಲಿನ ಹಿಂದೆಯೇ ಆರ್ಡರು ಬಂತು. ಇಂಥವರು ಬೇರೆ ಮಾಸ್ತರುಗಳಿಗೆ ಕಲಿಸಬೇಕು ಎಂದು ಅವರನ್ನು ದೂರದ ಊರಿಗೆ ಕರೆಸಿಕೊಂಡರು. ಬತ್ತ ಇನ್ನೂ ಹಸಿರಿತ್ತು. ಹೊರಡುವ ದಿನ ಹೇಳಿ ಹೋಗಲು ಬಂದಾಗ ಅವರ ಕಂಕುಳಲ್ಲಿ ಗಾಜು ಹಾಕಿದ ಕಾಗದವಿತ್ತು. ಅದರ ತಲೆಯ ಮೇಲಿನ ದಪ್ಪ ಅಕ್ಷರ ಓದಲು ನೋಡಿದೆ, ಆಗಲಿಲ್ಲ. "ಒತ್ತು?" ಎಂದೆ. "ಬರೋ ಮಾಸ್ತರು ಹೇಳಿಕೊಡ್ತಾರೆ ಕೂಸೆ" ಎಂದು ಅವರು ನನ್ನ ಮುಖ ನೋಡದೆ ಬಸ್ಸಿಗೆ ನಡೆದರು. ಬಂದ ಮಾಸ್ತರು ಅಕ್ಷರ ನೆಲದ ಮೇಲೆ ಹಾಕುವುದು ಮೈಲಿಗೆ ಎಂದರು. ಕೇರಿಯ ತುಂಬ ಮತ್ತೆ ತಾವರೆ ಬಂತು. ಅಜ್ಜಿ ಒಬ್ಬಳು ಕೇಳಲಿಲ್ಲ. "ಹಾಕೇ, ಅದು ನಮ್ಮನಿ ಗುರ್ತು" ಎಂದು ದಿನಾ ನನ್ನಿಂದ ಠ ಹಾಕಿಸಿದಳು, ಅವಳ ಹೆಣ ಎತ್ತಿದ ಬೆಳಗಿನ ತನಕ. ಆ ದಿನ ಅವಳನ್ನು ಅಂಗಳದ ಬಾಗಿಲಿಂದಲೇ ಒಯ್ದರು. ನಾನು ಹೊಸಬಾಳೆಗೆ ಮದುವೆಯಾಗಿ ಹೋದೆ. ಆ ಮನೆ ಬಿತ್ತು, ಅಲ್ಲಿ ಈಗ ಯಾರದೋ ಟ್ರ್ಯಾಕ್ಟರು ನಿಲ್ಲುತ್ತದೆ.

ಈಗಲೂ ಪೇಪರು ಕೈಗೆ ಸಿಕ್ಕರೆ ಆ ಕೇರಿಯಲ್ಲಿ ಹೋದ ಹಾಗೆಯೇ ಒಂದೊಂದೇ ಮನೆ ದಾಟಿಕೊಂಡು ಓದುತ್ತೇನೆ. ಒಂದು ಪದ ಪದೇ ಪದೇ ಬರುತ್ತದೆ, ಯಾರಿಗಾದರೂ ಶಾಲು ಹೊದಿಸಿದ ಚಿತ್ರದ ಕೆಳಗೆ. ನಾನು ಅದನ್ನು ಪಶಸಿ ಎಂದು ಓದುತ್ತಿದ್ದೆ. ಅದು ಪ್ರಶಸ್ತಿ, ಗಾಜಿನೊಳಗಿದ್ದದ್ದೂ ಅದೇ ಇರಬೇಕು ಎಂದು ಮೊಮ್ಮಗಳು ಹೇಳಿದಳು. ಇದನ್ನೆಲ್ಲ ನಾನು ಹೇಳಿದ್ದು, ಬರೆದುಕೊಂಡವಳು ಅವಳು. ಒತ್ತುಗಳೆಲ್ಲ ಅವಳವು.